ಬರಕೊಂಡು ಹೋಗುವವರಾಗದಿರಲು: ಕಲ್ಯಾಣ ಕರ್ನಾಟಕದ ಪಟ್ಟಣಗಳಿಗೆ ಹೊಸದಾಗಿ ಬರುವ ಯುವಜನರಿಗೆ

ಯಾದಗಿರಿ ಜಿಲ್ಲೆಯ ತಾಲ್ಲೂಕು ಪಟ್ಟಣವೊಂದಕ್ಕೆ ನಾನು ಮೊದಲ ಸಲ ಬಂದಿಳಿದಾಗ ನನಗೆ 23 ವರ್ಷ. ತುಮಕೂರಿನ ಕಡೆಯವನಾದ ನನಗೆ ಅಲ್ಲಿಯ ಬಿಸಿಲೂ ಹೊಸದು, ಮಾತೂ ಹೊಸದು. ಎರಡನೇ ವಾರದಲ್ಲಿ, ಕೆಲಸ ಕೊಟ್ಟ ಸಂಸ್ಥೆಯ ಸಮೀಕ್ಷೆ ಹಾಳೆಗಳನ್ನು ಹಿಡಿದು ಪಟ್ಟಣದ ಅಂಚಿನ ಓಣಿಯೊಂದಕ್ಕೆ ಹೋದೆ. ಕಟ್ಟೆಯ ಮೇಲೆ ಕುಳಿತು ಬೇಳೆ ಹಸನು ಮಾಡುತ್ತಿದ್ದ ಅಜ್ಜಿಯೊಬ್ಬರು ಮೊರದಿಂದ ಕಣ್ಣೆತ್ತದೆಯೇ, "ಬರಕೊಂಡು ಹೋಗವ್ರೇನ್ರಿ ನೀವು? ಹ್ವಾದ ವರ್ಷ ಬಂದವ್ರೂ ಬರಕೊಂಡೇ ಹ್ವಾದ್ರು" ಎಂದರು. ನಾನು ಏನೋ ವಿವರಣೆ ಕೊಡಲು ಹೋದೆ. ಅವರು ಬೇಳೆಯೊಳಗಿನ ಕಲ್ಲೊಂದನ್ನು ಹೆಕ್ಕಿ ಪಕ್ಕಕ್ಕೆಸೆದರು.

ಸರ್ವೇಯವರು, ಯೋಜನಾ ವರದಿಗಾಗಿ ಬರುವ ವಿದ್ಯಾರ್ಥಿಗಳು, ಚುನಾವಣೆಯ ಮುಂಚೆ ಬರುವವರು, ಒಂದು ವರ್ಷದ ಫೆಲೋಶಿಪ್ ಮೇಲೆ ಬರುವವರು, ಎಲ್ಲರನ್ನೂ ಆ ಓಣಿ ಇದೊಂದೇ ಹೆಸರಿನಲ್ಲಿ ಗುರುತಿಸುತ್ತದೆ. ಶಿಕ್ಷಕರಾಗಿ, ಬ್ಯಾಂಕಿನ ಅಧಿಕಾರಿಯಾಗಿ, ವೈದ್ಯರಾಗಿ ಅಥವಾ ಸ್ವಯಂಸೇವಾ ಸಂಸ್ಥೆಯ ಕಾರ್ಯಕರ್ತರಾಗಿ ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳದ ಕಡೆಗೆ ಬಂದು, ಅಲ್ಲಿಯ ದಲಿತ ಕೇರಿ, ತಾಂಡಾ, ಕೊಳೆಗೇರಿಗಳ ಜನರೊಂದಿಗೆ ನಿಜವಾದ ಒಡನಾಟ ಬೆಳೆಸಿಕೊಳ್ಳಲು ಬಯಸುವವರಿಗಾಗಿ, ನಾನು ತಪ್ಪುತ್ತ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

1. ಬರುವ ಮುನ್ನ: ಓದಿಕೊಳ್ಳಿ, ತಿಂಗಳನ್ನೂ ನೋಡಿಕೊಳ್ಳಿ

ಈ ಭಾಗ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು ಎಂಬುದು, ದಕ್ಷಿಣದಿಂದ ಬಂದವರಿಗೆ ಪಠ್ಯಪುಸ್ತಕದ ಒಂದು ಸಾಲು; ಇಲ್ಲಿಯವರಿಗೆ ಅಜ್ಜನ ಜಮೀನಿನ ಕಾಗದ ಉರ್ದುವಿನಲ್ಲಿರುವುದಕ್ಕೆ ಕಾರಣ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು 'ಅತ್ಯಂತ ಹಿಂದುಳಿದವು' ಎಂದು ಗುರುತಿಸಲಾಯಿತು. ಅವುಗಳಲ್ಲಿ 21 ಆಗಿನ ಗುಲಬರ್ಗಾ ವಿಭಾಗದವು. ಸಂವಿಧಾನದ 371ಜೆ ವಿಧಿಯ ಮೂಲಕ ಈ ಭಾಗಕ್ಕೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ವಿಶೇಷ ಮೀಸಲಾತಿ ದೊರೆತದ್ದು ಅದಾಗಿ ಹತ್ತು ವರ್ಷ ಕಳೆದ ಮೇಲೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಸುಮಾರು ಶೇ 75 ಇದ್ದರೆ ಯಾದಗಿರಿ ಜಿಲ್ಲೆಯದು ಸುಮಾರು ಶೇ 52 ಇತ್ತು. ಇವನ್ನೆಲ್ಲ ಓದಿಕೊಂಡು ಬನ್ನಿ, ಆದರೆ ಓದಿಕೊಂಡದ್ದನ್ನು ಜನರ ಮುಂದೆ ಒಪ್ಪಿಸಬೇಡಿ. 'ಹಿಂದುಳಿದ' ಎಂಬ ಪದವನ್ನು ತಮ್ಮ ಊರಿನ ಬಗ್ಗೆ ಹೊರಗಿನವರ ಬಾಯಲ್ಲಿ ಕೇಳಿ ಕೇಳಿ ಇಲ್ಲಿಯವರು ಬೇಸತ್ತಿದ್ದಾರೆ.

ಅಂಕಿಗಳಿಗಿಂತ ಮುಖ್ಯವಾದದ್ದು ಗುಳೆಯ ಲೆಕ್ಕ. ಮುಂಗಾರಿಗೆ ಬಿತ್ತಿದ ಹತ್ತಿಯನ್ನು ಬಿಡಿಸಿ, ತೊಗರಿಯ ರಾಶಿ ಮುಗಿಯುವ ಹೊತ್ತಿಗೆ, ಅಂದರೆ ಜನವರಿಯ ಆಸುಪಾಸಿನಲ್ಲಿ, ಮಳೆಯನ್ನೇ ನಂಬಿದ ಹಳ್ಳಿ ಮತ್ತು ತಾಂಡಾಗಳಿಂದ ಜನ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿನ ಕಟ್ಟಡ ಕೆಲಸಗಳಿಗೆ ಹೋಗುತ್ತಾರೆ. ಹಲವರು ಮಳೆ ಹಿಡಿಯುವವರೆಗೂ ತಿರುಗಿ ಬರುವುದಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿಯುವ ಸುರಪುರ, ಶಹಾಪುರ ಭಾಗದ ಊರುಗಳಲ್ಲಿ ಎರಡನೇ ಬೆಳೆಯ ಕೂಲಿ ಸಿಗುವುದರಿಂದ ಅಲ್ಲಿಯ ಲೆಕ್ಕವೇ ಬೇರೆ. ಕಾಲುವೆ ಮುಟ್ಟದ ಊರಿನ ಲೆಕ್ಕವೇ ಬೇರೆ. ನಾನು ಇದನ್ನು ತಿಳಿಯದೆ ಮಾರ್ಚ್ ತಿಂಗಳಲ್ಲಿ ತಾಂಡಾವೊಂದಕ್ಕೆ ಹೋಗಿ, ಬಾಗಿಲಿಗೆ ಬೀಗ ಬಿದ್ದ, ಅಂಗಳಕ್ಕೆ ಜಾಲಿ ಮುಳ್ಳು ಅಡ್ಡವಿಟ್ಟ ಹನ್ನೊಂದು ಮನೆಗಳ ಮುಂದೆ 'ವಾಸವಿಲ್ಲ' ಎಂದು ಬರೆದುಕೊಂಡು ಬಂದೆ. ಆ ಹನ್ನೊಂದೂ ಕುಟುಂಬಗಳು ಆಗ ಬೆಂಗಳೂರಿನ ಹೊರವಲಯದ ತಗಡಿನ ಶೆಡ್ಡುಗಳಲ್ಲಿದ್ದವು. ನಿಮಗೆ ಆಯ್ಕೆ ಇದ್ದರೆ ಜೂನ್ ಅಥವಾ ಜುಲೈನಲ್ಲಿ ಬನ್ನಿ. ಜನ ಊರಲ್ಲಿರುತ್ತಾರೆ, ಶಾಲೆ ಆಗಷ್ಟೇ ತೆರೆದಿರುತ್ತದೆ.

2. ಬಾಡಿಗೆ ಕೋಣೆ ಹುಡುಕುವುದೇ ಮೊದಲ ಪಾಠ

ಕೋಣೆ ಕೇಳಿಕೊಂಡು ಹೋದಾಗ ಬಾಡಿಗೆಯ ಮಾತಿಗಿಂತ ಮೊದಲು "ನಿಮ್ಮ ಮಂದಿ ಯಾವ್ರ್ರಿ?" ಎಂಬ ಪ್ರಶ್ನೆ ಬರುತ್ತದೆ. ಕೇಳುವವರು ಅದನ್ನು ಒರಟಾಗಿ ಕೇಳುವುದಿಲ್ಲ, ಚಹಾ ಕೊಟ್ಟೇ ಕೇಳುತ್ತಾರೆ. ಆ ಪ್ರಶ್ನೆಗೆ ಯಾರ ಉತ್ತರ ಸಾಕಾಗುತ್ತದೆ, ಯಾರ ಉತ್ತರಕ್ಕೆ ಕೋಣೆ ದಿಢೀರನೆ 'ಈಗಷ್ಟೇ ಬೇರೆಯವರಿಗೆ ಹೇಳಿಬಿಟ್ಟೆವು' ಆಗುತ್ತದೆ ಎಂಬುದನ್ನು ಒಂದು ವಾರ ಗಮನಿಸಿದರೆ, ಯಾವ ನಕ್ಷೆಯೂ ತೋರಿಸದ ಪಟ್ಟಣವೊಂದು ನಿಮಗೆ ಕಾಣುತ್ತದೆ. ನನ್ನೊಂದಿಗೇ ಕೆಲಸಕ್ಕೆ ಸೇರಿದ, ನನಗಿಂತ ಹೆಚ್ಚು ಓದಿದ್ದ ಗೆಳೆಯನಿಗೆ ಕೋಣೆ ಸಿಗಲು ನನಗಿಂತ ಐದು ವಾರ ಹೆಚ್ಚು ಹಿಡಿಯಿತು. ಅಷ್ಟೂ ದಿನ ಅವನು ನನ್ನ ಕೋಣೆಯಲ್ಲಿ ಮಲಗಿದ್ದು ಮಾಲೀಕರಿಗೆ ಗೊತ್ತಾಗದಂತೆ.

ನೀವು ಯಾವ ಓಣಿಯಲ್ಲಿ ಮನೆ ಮಾಡುತ್ತೀರಿ ಎಂಬುದು ನಿಮ್ಮ ಮನೆಗೆ ಯಾರು ಬರಬಲ್ಲರು ಎಂಬುದನ್ನು ನಿರ್ಧರಿಸುತ್ತದೆ. ಆದ್ದರಿಂದ ಕೋಣೆಗೆ ಹೊರಗಿನಿಂದ ಪ್ರತ್ಯೇಕ ಬಾಗಿಲಿದೆಯೇ, ನಿಮ್ಮನ್ನು ಕಾಣಲು ಬಂದವರನ್ನು ಮಾಲೀಕರು ಹೊರಗೇ ನಿಲ್ಲಿಸುತ್ತಾರೆಯೇ ಎಂದು ಮುಂಗಡ ಕೊಡುವ ಮೊದಲೇ ನೋಡಿಕೊಳ್ಳಿ. ಬಸ್ ನಿಲ್ದಾಣದ ಸುತ್ತಲಿನ ಮಿಶ್ರ ಓಣಿಗಳು ಸದ್ದಿನವಾದರೂ ಈ ವಿಷಯದಲ್ಲಿ ಎಷ್ಟೋ ವಾಸಿ.

3. ಮಾತು, ನೀರು, ಊಟ

ಮೊದಲ ಎರಡು ತಿಂಗಳು ಬರೆದುಕೊಳ್ಳುವ ಕೆಲಸವನ್ನು ಆದಷ್ಟು ಮುಂದೂಡಿ. ಸಂತೆಗೆ ಹೋಗಿ, ಬೆಳಗಿನ ಸುಸಲಾ ಮತ್ತು ಮಿರ್ಚಿ ಭಜಿಯ ಅಂಗಡಿಯಲ್ಲಿ ಕುಳಿತುಕೊಳ್ಳಿ, ಹಳ್ಳಿಯ ಬಸ್ಸಿನಲ್ಲಿ ಕೊನೆಯ ನಿಲ್ದಾಣದವರೆಗೆ ಹೋಗಿ ಅದೇ ಬಸ್ಸಿನಲ್ಲಿ ತಿರುಗಿ ಬನ್ನಿ. ಮಾತು ಕಿವಿಗೆ ಬೀಳಬೇಕು. ಕನ್ನಡ ಬರುತ್ತದೆಂದು ಧೈರ್ಯವಾಗಿರಬೇಡಿ; ಒಂದೇ ಪಟ್ಟಣದಲ್ಲಿ ಒಂದು ಓಣಿ ದಖನಿ ಉರ್ದು, ಇನ್ನೊಂದು ತೆಲುಗು, ಹೊರಗಿನ ತಾಂಡಾ ಲಂಬಾಣಿ ಮಾತನಾಡುತ್ತದೆ. ಇಲ್ಲಿಯ ಮಾತನ್ನು ಅನುಕರಿಸಿ ನಗಿಸಲು ಹೋಗುವುದಕ್ಕಿಂತ ನಿಮ್ಮ ಊರಿನ ಕನ್ನಡವನ್ನೇ ನಿಧಾನವಾಗಿ ಆಡುವುದು ಮರ್ಯಾದೆ.

ಮಾತಿನಲ್ಲಿ ಒಂದು ಸಂಗತಿಯನ್ನು ಮಾತ್ರ ಮೊದಲ ದಿನದಿಂದಲೇ ಪಾಲಿಸಬೇಕು. ಪಟ್ಟಣದ ಕಚೇರಿಗಳಲ್ಲಿ, ಕಿರಾಣಿ ಅಂಗಡಿಗಳಲ್ಲಿ ಅರವತ್ತು ವರ್ಷದ ದಲಿತ ಹಿರಿಯರನ್ನು ಇಪ್ಪತ್ತೈದರ ಗುಮಾಸ್ತ 'ಏನೋ, ಬಾರೋ' ಎನ್ನುವುದನ್ನು ನೀವು ದಿನವೂ ಕೇಳುತ್ತೀರಿ. ಕೆಲವು ವಾರಗಳಲ್ಲಿ ಅದು ನಿಮ್ಮ ಕಿವಿಗೆ ಒಗ್ಗಿಹೋಗುತ್ತದೆ, ಆಮೇಲೆ ಸದ್ದಿಲ್ಲದೆ ನಾಲಿಗೆಗೂ ಬರುತ್ತದೆ. ಹಿರಿಯರಿಗೆ ಕಾಕಾ, ಅವ್ವಾರ, ಅಕ್ಕಾರ, ಅಣ್ಣಾರ ಎಂದು, ಪ್ರತಿ ಮಾತಿನ ಕೊನೆಗೊಂದು 'ರಿ' ಸೇರಿಸಿ ಮಾತನಾಡಿ. ತಮ್ಮನ್ನು ಯಾರು 'ರಿ' ಹಚ್ಚಿ ಕರೆದರು ಎಂಬುದನ್ನು ಕೇರಿಯವರು ನೆನಪಿಟ್ಟುಕೊಂಡಿರುತ್ತಾರೆ. ಅವರು ಮುಂದೆ ನಿಮ್ಮನ್ನು "ಬಾರೋ ಯಪ್ಪಾ" ಎಂದು ಏಕವಚನದಲ್ಲಿ ಕರೆಯತೊಡಗಿದರೆ ಅದನ್ನು ಬಡ್ತಿ ಎಂದು ತಿಳಿಯಿರಿ.

ನೀರು ಕೊಟ್ಟರೆ ಕುಡಿಯಿರಿ. ದಕ್ಷಿಣದಿಂದ ಬಂದ ಯುವಕರು ಹೊಟ್ಟೆ ಕೆಡುತ್ತದೆಂದು ಬಾಟಲಿ ಹಿಡಿದು ತಿರುಗುವುದು ಸಹಜ. ಆದರೆ ಕೇರಿಯ ಮನೆಯಲ್ಲಿ ಕೊಟ್ಟ ಚರಿಗೆಯನ್ನು ಬೇಡವೆಂದು ಬಾಟಲಿ ತೆಗೆದರೆ, ನಿಮ್ಮ ಹೊಟ್ಟೆಯ ಕಾರಣ ಅಲ್ಲಿ ಯಾರಿಗೂ ಹೊಳೆಯುವುದಿಲ್ಲ, ತಲೆತಲಾಂತರದ ಇನ್ನೊಂದು ಕಾರಣವೇ ಹೊಳೆಯುತ್ತದೆ. ನೀರಿನ ಭಯವಿದ್ದರೆ ಚಹಾ ಕೇಳಿ, ಅದು ಕುದಿದಿರುತ್ತದೆ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಮುಂದಿಟ್ಟರೆ ಕುಳಿತು ಉಣ್ಣಿ. ಕೊಡಲು ಬಂದವರೆಂದು ಬೀಗುವ ಮೊದಲು, ಆ ಊರಿನ ಋಣದಲ್ಲಿ ಸ್ವಲ್ಪ ದಿನ ಬದುಕುವುದು ಒಳ್ಳೆಯದು.

4. ಯಾರ ಜೊತೆಗೆ ಒಳಗೆ ಹೋಗುತ್ತೀರಿ

ಅಂಗನವಾಡಿ ಕಾರ್ಯಕರ್ತೆ ಮತ್ತು ಆಶಾ ಕಾರ್ಯಕರ್ತೆ, ಈ ಇಬ್ಬರಿಗೆ ಗೊತ್ತಿಲ್ಲದ ಮನೆ ಓಣಿಯಲ್ಲಿ ಇರುವುದಿಲ್ಲ. ಅವರ ಮೂಲಕ ಹೋಗುವುದು ಉತ್ತಮ ದಾರಿ, ಆದರೆ ಅವರ ಮೇಲಾಗಲೇ ಬೆಟ್ಟದಷ್ಟು ಕೆಲಸವಿರುವುದರಿಂದ ಅವರ ಸಮಯ ಕೇಳಿಕೊಂಡು ಹೋಗಬೇಕು. ತಾಂಡಾಕ್ಕೆ ಹೋಗುವಾಗ ಮೊದಲು ತಾಂಡಾದ ಮುಖಂಡನಾದ ನಾಯಕ ಮತ್ತು ಅವರಿಗೆ ನೆರವಾಗುವ ಕಾರಭಾರಿಯವರನ್ನು ಕಂಡು ಬಂದ ಕಾರಣ ಹೇಳುವುದು ವಾಡಿಕೆ. ವಾರ್ಡಿನ ಸದಸ್ಯರನ್ನೂ ಕಾಣಿ, ಆದರೆ ಅವರ ಮೋಟರ್ ಸೈಕಲ್ಲಿನ ಹಿಂದೆ ಕುಳಿತು ಓಣಿಗೆ ಮೊದಲ ಪ್ರವೇಶ ಮಾಡಬೇಡಿ. ಆ ದಿನದಿಂದ ನೀವು ಅವರ ಪಕ್ಷದವರು, ಎದುರು ಪಕ್ಷದ ಅರ್ಧ ಓಣಿ ನಿಮ್ಮ ಪಾಲಿಗೆ ಮುಚ್ಚಿದಂತೆ. ಕನಿಷ್ಠ ಮೂರು ಬೇರೆ ಬೇರೆ ಕಟ್ಟೆಗಳ ಮೇಲೆ ಕುಳಿತು ಬಂದ ಮೇಲೆ ಮಾತ್ರ ಓಣಿಯ ಬಗ್ಗೆ ಒಂದು ಅಭಿಪ್ರಾಯ ಕಟ್ಟಿಕೊಳ್ಳಿ.

5. ಮೊದಲ ಕೆಲಸ: ಕಾಗದಪತ್ರ

ಹೊಸಬರಿಗೆ ಶಿಬಿರ, ಬೀದಿ ನಾಟಕ, ಗೋಡೆ ಚಿತ್ರ ಎಂದರೆ ಉತ್ಸಾಹ. ನನ್ನ ಅನುಭವದಲ್ಲಿ ಒಡನಾಟವನ್ನು ಗಟ್ಟಿ ಮಾಡುವುದು ಅದಕ್ಕಿಂತ ಬಹಳ ಬೇಸರದ ಕೆಲಸ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಿ. ಒಬ್ಬ ಹುಡುಗಿಗೆ ವಿದ್ಯಾರ್ಥಿವೇತನ ಬಂದಿಲ್ಲ. ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರು 'ಹಣಮಂತ', ಆಧಾರ್‌ನಲ್ಲಿ 'ಹನುಮಂತಪ್ಪ', ಜಾತಿ ಪ್ರಮಾಣಪತ್ರದಲ್ಲಿ 'ಹಣಮಂತ್ರಾಯ'. ಮೂರೂ ಅವನೇ, ಕರೆಯುವವರೆಲ್ಲ ಹಾಗೆಯೇ ಕರೆಯುತ್ತಾರೆ. ಆದರೆ ರಾಜ್ಯ ವಿದ್ಯಾರ್ಥಿವೇತನದ ಜಾಲತಾಣಕ್ಕೆ ಹೆಸರು ತಾಳೆಯಾಗಬೇಕು, ಪ್ರಮಾಣಪತ್ರದ ಮೇಲಿನ ಆರ್‌ಡಿ ಸಂಖ್ಯೆ ಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಪರಿಶಿಷ್ಟ ಜಾತಿ, ಪಂಗಡದವರ ಜಾತಿ ಪ್ರಮಾಣಪತ್ರ ಒಮ್ಮೆ ಪಡೆದರೆ ಜೀವನಪೂರ್ತಿ ನಡೆಯುತ್ತದೆ, ಆದರೆ ಆದಾಯ ಪ್ರಮಾಣಪತ್ರದ ಅವಧಿ ಐದು ವರ್ಷ. ಅದು ಮುಗಿದಿದೆ ಎಂದು ಆ ಮನೆಗೆ ಯಾರೂ ಹೇಳಿರುವುದಿಲ್ಲ.

ಇದನ್ನು ಸರಿಪಡಿಸಲು ನಾಡಕಚೇರಿ, ಆಧಾರ್ ಕೇಂದ್ರ, ಬ್ಯಾಂಕು, ಶಾಲೆ ಹೀಗೆ ನಾಲ್ಕು ಕಡೆ ತಿರುಗಬೇಕು, ಪ್ರತಿ ತಿರುಗಾಟಕ್ಕೂ ಒಂದು ದಿನದ ಕೂಲಿ ಹೋಗುತ್ತದೆ. ಇಲ್ಲಿ ನೀವು ಮಾಡಬಹುದಾದದ್ದು ಇಷ್ಟು. ಸಂತೆಯ ದಿನ ಹೇಗೂ ಅವರು ಪಟ್ಟಣಕ್ಕೆ ಬರುತ್ತಾರೆ, ಕಚೇರಿಯ ಕೆಲಸವನ್ನು ಅಂದಿಗೇ ಇಟ್ಟುಕೊಳ್ಳಿ. ಹಿಂದಿನ ದಿನವೇ ಎಲ್ಲ ಕಾಗದಗಳ ನೆರಳಚ್ಚು ಮಾಡಿಸಿಟ್ಟು, ಯಾವ ಹೆಸರನ್ನು ಮೂಲವೆಂದು ಉಳಿಸಿಕೊಳ್ಳಬೇಕೆಂದು ಮನೆಯವರೊಂದಿಗೆ ಕುಳಿತು ತೀರ್ಮಾನಿಸಿ. ಅವರ ಪರವಾಗಿ ನೀವೊಬ್ಬರೇ ಹೋಗಬೇಡಿ. ಅವರೊಂದಿಗೆ ಹೋಗಿ, ಒಂದು ಹೆಜ್ಜೆ ಹಿಂದೆ ನಿಲ್ಲಿ, ಕಿಟಕಿಯಲ್ಲಿ ಮಾತು ಅವರೇ ಆಡಲಿ. ನೀವು ಇಂಗ್ಲಿಷಿನಲ್ಲಿ ಎರಡು ಮಾತಾಡಿದರೆ ಕೆಲಸ ಬೇಗ ಆಗುತ್ತದೆ ನಿಜ, ಮುಂದಿನ ಸಲ ನೀವಿಲ್ಲದಾಗ ಅವರು ಮೊದಲಿನ ಸ್ಥಾನದಲ್ಲೇ ನಿಂತಿರುತ್ತಾರೆ. ಅರ್ಜಿಯ ಸ್ವೀಕೃತಿ ಚೀಟಿಯನ್ನು ಅವರ ಕೈಗೇ ಕೊಡಿಸಿ, ಸಂಖ್ಯೆಯನ್ನಷ್ಟೇ ನೀವು ಬರೆದುಕೊಳ್ಳಿ.

ನೋಟ್‌ಬುಕ್ ಹೊರತೆಗೆಯುವ ಸಮಯ ಇದು. ನಾನು ಅದನ್ನು ವಹಿ ಎನ್ನುತ್ತಿದ್ದೆ. ಎಡಗಡೆ ಯಾರ ಯಾವ ಕೆಲಸ, ನಡುವೆ ಯಾವ ದಿನ ತಿರುಗಿ ಬಂದು ಹೇಳುತ್ತೇನೆಂದು ಮಾತು ಕೊಟ್ಟೆ, ಬಲಗಡೆ ಆಯಿತೇ ಇಲ್ಲವೇ. ನಡುವಿನ ಅಂಕಣವೇ ಮುಖ್ಯ. ಗುರುವಾರ ಬರುತ್ತೇನೆ ಎಂದರೆ ಗುರುವಾರ ಹೋಗಬೇಕು, ಕೆಲಸ ಆಗಿರದಿದ್ದರೂ ಹೋಗಿ 'ಆಗಲಿಲ್ಲರಿ' ಎಂದು ಹೇಳಬೇಕು. ಸಿಹಿ ಸುದ್ದಿ ಇಲ್ಲದೆ ಹೋಗಲು ಸಂಕೋಚವಾಗುತ್ತದೆ; ನನಗೂ ಆಗುತ್ತಿತ್ತು, ಒಂದು ಸಲ ಅದೇ ಸಂಕೋಚದಿಂದ ಮೂರು ವಾರ ಒಂದು ಮನೆಯ ಮುಂದೆ ಹಾಯದೆ ಬಳಸು ದಾರಿಯಲ್ಲಿ ಓಡಾಡಿದೆ. ಆ ಮನೆಯವರು ಅಷ್ಟರಲ್ಲಿ ದಲ್ಲಾಳಿಯೊಬ್ಬನಿಗೆ ದುಡ್ಡು ಕೊಟ್ಟಿದ್ದರು.

6. ಮಕ್ಕಳು ಮತ್ತು ಗುಳೆ

ಸಂಜೆಯ ಓದಿನ ಗುಂಪು ಶುರುಮಾಡುವುದು ಸುಲಭ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ (ಗ್ರಂಥಾಲಯ) ಅಥವಾ ಸಮುದಾಯ ಭವನದಲ್ಲಿ ಜಾಗ ಸಿಗುತ್ತದೆ. ಕಷ್ಟವಿರುವುದು ಜನವರಿಯಲ್ಲಿ, ಗುಂಪಿನ ಅರ್ಧ ಮಕ್ಕಳು ಅಪ್ಪ ಅವ್ವನ ಜೊತೆ ಹೊರಟಾಗ. 'ಮಕ್ಕಳನ್ನು ಬಿಟ್ಟು ಹೋಗಿ' ಎಂದು ಉಪದೇಶ ಮಾಡುವ ಮೊದಲು ಯಾರ ಬಳಿ ಬಿಡಬೇಕು ಎಂದು ಕೇಳಿಕೊಳ್ಳಿ. ಕಣ್ಣು ಮಂಜಾದ ಅಜ್ಜಿಯ ಬಳಿ ಹನ್ನೆರಡರ ಹುಡುಗಿಯನ್ನು ಆರು ತಿಂಗಳು ಬಿಡಲು ತಾಯಿ ಅಂಜುವುದರಲ್ಲಿ ತಪ್ಪೇನೂ ಇಲ್ಲ. ಹೊರಡುವ ಒಂದು ತಿಂಗಳು ಮುಂಚೆಯೇ, ಮುಖ್ಯಶಿಕ್ಷಕರೊಂದಿಗೆ ಕುಳಿತು ಹಾಸ್ಟೆಲ್ಲಿನಲ್ಲಿ ಅಥವಾ ಆ ಹಂಗಾಮಿಗೆ ತೆರೆಯುವ ವಸತಿ ಕೇಂದ್ರದಲ್ಲಿ ಸೀಟು ಇದೆಯೇ ನೋಡಿ. ಇಲ್ಲವಾದರೆ ಅವರು ಹೋಗುವ ಜಾಗದ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಕೂರಿಸಲು ಬೇಕಾದ ಕಾಗದ ಮಾಡಿಸಿ ಕೈಗೆ ಕೊಡಿ. ಮೇಸ್ತ್ರಿಯ ಫೋನ್ ಸಂಖ್ಯೆಯನ್ನೂ ಕೆಲಸದ ಜಾಗದ ಗುರುತನ್ನೂ ಕೇಳಿಟ್ಟುಕೊಳ್ಳಿ. ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಆ ಶೆಡ್ಡಿಗೆ ಒಮ್ಮೆ ಹೋಗಿ ಬನ್ನಿ. ಊರಲ್ಲಿ ಎರಡು ವರ್ಷ ಮಾಡಿದ ಕೆಲಸಕ್ಕಿಂತ ಆ ಒಂದು ಭೇಟಿಯ ಮಾತು ತಾಂಡಾದಲ್ಲಿ ಹೆಚ್ಚು ದಿನ ನಡೆಯುತ್ತದೆ.

7. ಕೇಳಬಾರದ ಪ್ರಶ್ನೆ, ತೆಗೆಯಬಾರದ ಚಿತ್ರ

ದೇವದಾಸಿ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿದೆ, ಆದರೆ ಆ ಪದ್ಧತಿಯೊಳಗೆ ಬದುಕಿದ ತಾಯಂದಿರೂ ಅವರ ಮಕ್ಕಳೂ ರಾಯಚೂರು, ಕೊಪ್ಪಳ, ಯಾದಗಿರಿಯ ಓಣಿಗಳಲ್ಲಿ ಇದ್ದಾರೆ. ಆದ್ದರಿಂದ ಗುಂಪಿನ ನಡುವೆ ಮಗುವಿಗೆ 'ನಿಮ್ಮಪ್ಪನ ಹೆಸರೇನು' ಎಂದು ಎಂದಿಗೂ ಕೇಳಬೇಡಿ. 'ಮನೆಯಲ್ಲಿ ಯಾರ್ಯಾರು ಇರುತ್ತೀರಿ' ಎಂದರೆ ಬೇಕಾದ ಉತ್ತರ ತಾನಾಗಿ ಬರುತ್ತದೆ. ಗಂಡುಮಕ್ಕಳಾದ ಕಾರ್ಯಕರ್ತರು ಮಧ್ಯಾಹ್ನದ ಹೊತ್ತು, ಗಂಡಸರು ಇಲ್ಲದ ಮನೆಗೆ ಒಬ್ಬರೇ ಹೋಗುವುದು ಬೇಡ. ಹೆಂಗಸರೊಂದಿಗಿನ ಮಾತುಕತೆ ಸ್ವಸಹಾಯ ಸಂಘದ ಸಭೆಯಲ್ಲಿ, ಸಹೋದ್ಯೋಗಿ ಅಕ್ಕ ಒಬ್ಬರ ಜೊತೆಯಲ್ಲಿ ನಡೆಯಲಿ. ಚಿತ್ರ ತೆಗೆಯುವ ವಿಷಯದಲ್ಲಿ ನನ್ನದು ಕಟ್ಟುನಿಟ್ಟಿನ ನಿಯಮ. ನಿಮ್ಮ ತಂಗಿಯ ಅಂಥದೇ ಚಿತ್ರವನ್ನು ಸಂಸ್ಥೆಯ ವರದಿಯಲ್ಲಿ ಅಚ್ಚು ಹಾಕಲು ಒಪ್ಪುವುದಾದರೆ ಮಾತ್ರ ತೆಗೆಯಿರಿ. ತೆಗೆದರೆ ಪ್ರತಿ ಹಾಕಿಸಿ ತಂದುಕೊಡಿ. ಹಲವು ಮನೆಗಳ ಗೋಡೆಯ ಮೇಲೆ ಅಜ್ಜ ಅಜ್ಜಿಯರ ಏಕೈಕ ಒಳ್ಳೆಯ ಚಿತ್ರ ಅದೇ ಆಗಿರುತ್ತದೆ.

ಸಾಲ ಕೊಡಬೇಡಿ, ಓಣಿಯ ಹೆಸರಿನಲ್ಲಿ ಬೆಂಗಳೂರಿನ ಗೆಳೆಯರಿಂದ ದುಡ್ಡು ಎತ್ತಬೇಡಿ. ಇದಕ್ಕೆ ವಿವರಣೆ ಬೇಕಿಲ್ಲ.

8. ಜಗಳ, ದೌರ್ಜನ್ಯ

ಒಂದಲ್ಲ ಒಂದು ದಿನ ಬಾವಿ, ಗುಡಿ, ಕ್ಷೌರದಂಗಡಿ ಅಥವಾ ಪ್ರೇಮದ ಕಾರಣಕ್ಕೆ ಹೊಡೆತ ಬಿದ್ದ ಸುದ್ದಿ ಬರುತ್ತದೆ, ಅದರ ಹಿಂದೆಯೇ 'ಕುಂತು ಬಗೆಹರಿಸೋಣ' ಎನ್ನುವ ಹಿರಿಯರೂ ಬರುತ್ತಾರೆ. ಆ ಪಂಚಾಯಿತಿಯಲ್ಲಿ ನೀವು ಮಧ್ಯಸ್ಥಿಕೆಗೆ ಕೂರಬೇಡಿ. ದೂರು ಕೊಡಬೇಕೇ ಬೇಡವೇ ಎಂಬ ನಿರ್ಧಾರ ಪೆಟ್ಟು ತಿಂದವರದು, ಏಕೆಂದರೆ ನಾಳೆ ಅದೇ ಊರಿನ ಹೊಲದಲ್ಲಿ ಕೂಲಿ ಮಾಡಬೇಕಾದವರು ಅವರು. ನಿಮ್ಮ ಕೆಲಸ, ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯಡಿ ಪೊಲೀಸರು ದೂರು ದಾಖಲಿಸಿಕೊಳ್ಳಲೇಬೇಕು, ಸಂತ್ರಸ್ತರಿಗೆ ಪರಿಹಾರವಿದೆ, 14566 ಎಂಬ ಸಹಾಯವಾಣಿ ಇದೆ ಎಂದು ತಿಳಿಸುವುದು, ಅವರು ಠಾಣೆಗೆ ಹೊರಟರೆ ಜೊತೆಗೆ ಹೋಗುವುದು, ಊರಿನ ಅನುಭವಿ ದಲಿತ ಸಂಘಟನೆಯವರಿಗೆ ಸುದ್ದಿ ಮುಟ್ಟಿಸುವುದು. ಬಾಲ್ಯವಿವಾಹದ ವಿಷಯ ಹಾಗಲ್ಲ. ಅಲ್ಲಿ ಮಗುವಿನ ಪರವಾಗಿ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಹೋಗಲೇಬೇಕು, ಕರೆ ಮಾಡಿದವರ ಹೆಸರು ಹೊರಗೆ ಬರಬಾರದೆಂದು ಕೇಳಿಕೊಳ್ಳಬಹುದು. ಅದಾದ ಮೇಲೆ ಒಂದು ಮನೆ ನಿಮ್ಮೊಂದಿಗೆ ಮಾತು ಬಿಟ್ಟೀತು. ನನ್ನೊಂದಿಗೆ ಒಂದು ಮನೆ ಎರಡು ವರ್ಷ ಬಿಟ್ಟಿತ್ತು, ಆ ಹುಡುಗಿ ಮಾತ್ರ ದೂರದಿಂದ ತಲೆಯಾಡಿಸುತ್ತಿದ್ದಳು.

9. ಹೋಗುವಾಗ, ಹೋದ ಮೇಲೆ

ನಿಮ್ಮ ಅವಧಿ ಮುಗಿಯುವ ಮೂರು ತಿಂಗಳು ಮೊದಲೇ ಓಣಿಯಲ್ಲಿ ಹೇಳಿ. ಬಿಳಿ ಹಾಳೆಯ ಮೇಲೆ ವರದಿ ಬರೆದು ಕಚೇರಿಗೆ ಕೊಡುವ ಮುನ್ನ, ಅದರ ಸಾರವನ್ನು ಕಟ್ಟೆಯ ಮೇಲೆ ಕುಳಿತು ಕನ್ನಡದಲ್ಲಿ ಓದಿ ಹೇಳಿ, ತಪ್ಪಿದ್ದರೆ ತಿದ್ದಿಸಿಕೊಳ್ಳಿ. ಬೀಳ್ಕೊಡುಗೆಯ ಶಾಲು, ಹಾರಗಳನ್ನು ಆದಷ್ಟು ತಪ್ಪಿಸಿ. ತಿರುಗಿ ಬರಲು ಒಳ್ಳೆಯ ಹೊತ್ತು ಮೊಹರಂ. ಅದು ಯಾವ ತಿಂಗಳಿಗೆ ಬಿದ್ದರೂ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕಲು ಗುಳೆ ಹೋದವರು ರಜೆ ಬೇಡಿ, ಸಾಲ ಮಾಡಿ ಊರಿಗೆ ಬರುತ್ತಾರೆ. ಹಿಂದೂಗಳೂ ಪೀರ ದೇವರಿಗೆ ಸಕ್ಕರೆ ಓದಿಸುತ್ತಾರೆ. ನೀವು ಮಾತನಾಡಿಸಬೇಕಾದವರೆಲ್ಲ ಆ ಎರಡು ದಿನ ಒಂದೇ ಕಡೆ ಸಿಗುತ್ತಾರೆ.

ವಹಿಯನ್ನು ನಿಮ್ಮ ಜಾಗಕ್ಕೆ ಬರುವ ಇನ್ನೊಬ್ಬ ಹೊಸಬರಿಗೆ ಕೊಡುವ ಬದಲು ಓಣಿಯವರಿಗೇ ಒಪ್ಪಿಸಿ. ನಾನು ಕೊಟ್ಟಿದ್ದು ಪಿಯುಸಿ ಮುಗಿಸಿ ಮನೆಯಲ್ಲಿದ್ದ ಹುಡುಗಿಯೊಬ್ಬಳಿಗೆ; ಕೊನೆಯ ನಾಲ್ಕು ತಿಂಗಳು ಅವಳು ನನ್ನೊಂದಿಗೆ ಪ್ರತಿ ಕಚೇರಿಗೂ ಬಂದಿದ್ದಳು, ಯಾವ ಕಿಟಕಿಯಲ್ಲಿ ಯಾರು ಮಧ್ಯಾಹ್ನದ ಮೇಲೆ ಸಿಗುವುದಿಲ್ಲ ಎಂಬುದು ನನಗಿಂತ ಅವಳಿಗೆ ಚೆನ್ನಾಗಿ ತಿಳಿದಿತ್ತು. ನಾನು ಹೊರಟಾಗ ಬಲಗಡೆಯ ಅಂಕಣದಲ್ಲಿ ಏಳು ಸಾಲು ಖಾಲಿ ಇದ್ದವು. ಮರುವರ್ಷ ಮೊಹರಂಗೆ ಹೋದಾಗ ಅವಳು ವಹಿ ತಂದು ತೋರಿಸಿದಳು. ಐದು ಸಾಲುಗಳ ಮುಂದೆ ದುಂಡು ಅಕ್ಷರದಲ್ಲಿ 'ಆಗ್ಯಾದ' ಎಂದಿತ್ತು, ಅದರ ಕೆಳಗೆ ನನಗೆ ಗೊತ್ತೇ ಇಲ್ಲದ ಮೂವತ್ತಕ್ಕೂ ಹೆಚ್ಚು ಹೆಸರುಗಳಿದ್ದವು.